ಕಾರು ನಿಂತಲ್ಲೇ ಇದೆ, ಅಲರ್ಟ್ ಏಕೆ ಬಂತು?

ಕಾರಿನ ಡ್ಯಾಶ್‌ಬೋರ್ಡ್ ಹಿಂದೆ ಅಡಗಿಸಿಟ್ಟ ಟ್ರ್ಯಾಕರ್‌ಗೆ ಕಳ್ಳ ಯಾರು, ಮಾಲೀಕ ಯಾರು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ತಿಳಿಯುವುದು ನಾಲ್ಕು ಸಂಗತಿ: ಉಪಗ್ರಹಗಳ ಲೆಕ್ಕದಲ್ಲಿ ತಾನಿರುವ ಜಾಗ ಯಾವುದು, ಮೈ ಅಲುಗಿತೇ, ಬ್ಯಾಟರಿಯಿಂದ ಕರೆಂಟು ಬರುತ್ತಿದೆಯೇ, ಇಗ್ನಿಷನ್ ಆನ್ ಆಗಿದೆಯೇ. ಈ ನಾಲ್ಕರಲ್ಲಿ ಒಂದು ಬದಲಾದರೂ ಸಾಕು, ‘ವಾಹನ ಚಲಿಸುತ್ತಿದೆ’, ‘ಗಡಿ ದಾಟಿದೆ’, ‘ಬ್ಯಾಟರಿ ಸಂಪರ್ಕ ಕಡಿದಿದೆ’ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ನಡುರಾತ್ರಿ ಎದ್ದು ಬಾಗಿಲು ತೆರೆದು ನೋಡಿದರೆ ಕಾರು ನಿಲ್ಲಿಸಿದಲ್ಲೇ ನಿಂತಿರುತ್ತದೆ.

ಇದನ್ನು ಸುಳ್ಳು ಅಲರ್ಟ್ ಎಂದು ಕರೆಯುವುದು ವಾಡಿಕೆ. ಆದರೆ ಬಹುಪಾಲು ಸಲ ಸಾಧನ ಕಂಡದ್ದನ್ನೇ ಹೇಳಿರುತ್ತದೆ. ವೋಲ್ಟೇಜ್ ಕುಸಿದದ್ದು ನಿಜ, ಕಾರು ಅದುರಿದ್ದು ನಿಜ, ಉಪಗ್ರಹದ ಸಂಕೇತ ಅಡ್ಡಾದಿಡ್ಡಿ ಬಂದದ್ದೂ ನಿಜ. ತಪ್ಪುವುದು ಆ ಅಳತೆಯಿಂದ ತೆಗೆದ ತೀರ್ಮಾನ. ಆದ್ದರಿಂದ ಯಾವ ಅಳತೆ ಬದಲಾಯಿತು, ಏಕೆ ಬದಲಾಯಿತು ಎಂದು ಹುಡುಕಿ ಸರಿಪಡಿಸುವುದೇ ಇದಕ್ಕೆ ಮದ್ದು. ಕಿರಿಕಿರಿ ತಾಳದೆ ಅಲರ್ಟನ್ನೇ ಬಂದ್ ಮಾಡಿಬಿಟ್ಟರೆ, ಕಾರು ನಿಜಕ್ಕೂ ಹೋಗುವ ರಾತ್ರಿ ಫೋನು ಸುಮ್ಮನಿರುತ್ತದೆ.

ಪೆಟ್ಟಿಗೆಯೊಳಗೆ ಇರುವುದೇನು

ಕಳುವಾದ ಕಾರನ್ನು ರೇಡಿಯೊ ಸಂಕೇತದಿಂದ ಪತ್ತೆಹಚ್ಚುವ ಪ್ರಯತ್ನ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1986ರಲ್ಲಿ ಲೋಜ್ಯಾಕ್ ಎಂಬ ವ್ಯವಸ್ಥೆ ಬಳಕೆಗೆ ಬಂತು. ಕಳವಿನ ದೂರು ದಾಖಲಾದ ಮೇಲಷ್ಟೇ ಕಾರಿನೊಳಗಿನ ಟ್ರಾನ್ಸ್‌ಮಿಟರ್ ಎಚ್ಚೆತ್ತು ಸಂಕೇತ ಬಿಡುತ್ತಿತ್ತು, ಪೊಲೀಸರ ಗಾಡಿಯಲ್ಲಿದ್ದ ರಿಸೀವರ್ ಅದರ ಜಾಡು ಹಿಡಿಯುತ್ತಿತ್ತು. ದೂರು ಬರುವ ತನಕ ಅದು ಮಲಗಿಯೇ ಇರುತ್ತಿತ್ತಾದ್ದರಿಂದ ಮಾಲೀಕರ ನಿದ್ದೆಗೆಡಿಸುವ ಪ್ರಮೇಯ ಬರಲಿಲ್ಲ. ನಾಗರಿಕರು ಬಳಸುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ 1ರಂದು ತೆಗೆದುಹಾಕಿತು. ಆಮೇಲೆ ಜಿಪಿಎಸ್ ಮತ್ತು ಮೊಬೈಲ್ ಜಾಲ ಒಂದೇ ಪೆಟ್ಟಿಗೆಯಲ್ಲಿ ಸೇರಿ, ಯಾರೂ ಕೇಳದಿದ್ದರೂ ತಾನಾಗಿ ವರದಿ ಕೊಡುವ ಟ್ರ್ಯಾಕರ್ ಮನೆಮನೆಯ ಕಾರಿಗೆ ಬಂತು. ಎಚ್ಚರಿಕೆಯ ಜತೆಗೆ ಸುಳ್ಳು ಎಚ್ಚರಿಕೆಯೂ ಬಂತು.

ಭಾರತದಲ್ಲಿ 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಯಂಥ ಸಾರ್ವಜನಿಕ ಸೇವಾ ವಾಹನಗಳಿಗೆ ‘ಎಐಎಸ್ 140’ ಮಾನದಂಡದ ಟ್ರ್ಯಾಕರ್ ಕಡ್ಡಾಯವಾಯಿತು. ಈ ಸಾಧನಗಳು ಜಿಪಿಎಸ್ ಜತೆಗೆ ಇಸ್ರೊದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಹಿಡಿಯುವಂತಿರಬೇಕು. ಆ ನಾವಿಕ್ ವ್ಯವಸ್ಥೆಗೆ ಕರ್ನಾಟಕದ ನಂಟು ಗಟ್ಟಿ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿದೆ, ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ. ಖಾಸಗಿ ಕಾರುಗಳಲ್ಲಿ ಎರಡು ಬಗೆ ಕಾಣುತ್ತವೆ: ಬ್ಲೂಲಿಂಕ್, ಸುಜುಕಿ ಕನೆಕ್ಟ್‌ನಂತೆ ಕಂಪನಿಯವರೇ ಅಳವಡಿಸಿದ್ದು ಒಂದು, ಅಂಗಡಿಯಲ್ಲಿ ಕೊಂಡು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದ್ದು ಇನ್ನೊಂದು.

ಬಗೆ ಯಾವುದಾದರೂ ಒಳಗಿನ ಅಂಗಗಳು ಹೆಚ್ಚುಕಡಿಮೆ ಒಂದೇ. ಉಪಗ್ರಹ ಸಂಕೇತ ಹಿಡಿಯುವ ರಿಸೀವರ್, ಸಿಮ್ ಇರುವ ಮೋಡೆಮ್, ಅಲುಗಾಟ ಅಳೆಯುವ ಆ್ಯಕ್ಸೆಲೆರೋಮೀಟರ್ ಚಿಪ್, ಹೊರಗಿನ ಕರೆಂಟು ತಪ್ಪಿದಾಗ ಕೆಲಕಾಲ ಜೀವ ಹಿಡಿಯಲು ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಹೊರಗೆ ಮೂರು ಮುಖ್ಯ ವೈರುಗಳು: ಸದಾ 12 ವೋಲ್ಟ್ ತರುವುದು, ಅರ್ತ್, ಇಗ್ನಿಷನ್. ಸುಳ್ಳು ಅಲರ್ಟಿನ ಮೂಲ ಇವುಗಳಲ್ಲಿ ಯಾವುದೋ ಒಂದರಲ್ಲಿ ಸಿಕ್ಕೇ ಸಿಗುತ್ತದೆ.

ಮೊದಲು ಸಂದೇಶವನ್ನು ಓದಬೇಕು

ಫೋನಿನ ಪರದೆಯಲ್ಲಿ ಒಂದು ಸಾಲಾಗಿ ಕಾಣುವ ಅಲರ್ಟಿನ ಹಿಂದೆ ಒಂದು ಪೂರ್ತಿ ದಾಖಲೆ ಇರುತ್ತದೆ. ಆ್ಯಪ್‌ನ ‘ಹಿಸ್ಟರಿ’ ಅಥವಾ ‘ರಿಪೋರ್ಟ್’ ವಿಭಾಗದಲ್ಲಿ ಅದು ಸಿಗುತ್ತದೆ. ಎಐಎಸ್ 140 ಸಾಧನಗಳಲ್ಲಿ ಪ್ರತಿ ಸಂದೇಶಕ್ಕೂ ಎರಡಕ್ಷರದ ಗುರುತಿದೆ. ‘ಬಿಡಿ’ ಎಂದರೆ ವಾಹನದ ಬ್ಯಾಟರಿ ಸಂಪರ್ಕ ತಪ್ಪಿದೆ, ‘ಬಿಆರ್’ ಎಂದರೆ ಮತ್ತೆ ಸೇರಿದೆ, ‘ಬಿಎಲ್’ ಎಂದರೆ ಬ್ಯಾಟರಿ ಇಳಿದಿದೆ, ‘ಟಿಎ’ ಎಂದರೆ ಪೆಟ್ಟಿಗೆಯನ್ನು ಯಾರೋ ಬಿಚ್ಚಿದ್ದಾರೆ, ‘ಐಎನ್’ ಮತ್ತು ‘ಐಎಫ್’ ಎಂದರೆ ಇಗ್ನಿಷನ್ ಆನ್ ಮತ್ತು ಆಫ್. ಸಂದೇಶ ಆ ಕ್ಷಣದ್ದೇ ಅಥವಾ ಹಿಂದೆ ಸಂಗ್ರಹಿಸಿಟ್ಟದ್ದೇ ಎಂಬುದನ್ನೂ, ಆಗ ಉಪಗ್ರಹ ಸಂಪರ್ಕ ಇತ್ತೇ ಎಂಬುದನ್ನೂ ಆ ದಾಖಲೆ ಹೇಳುತ್ತದೆ. ಬೇರೆ ಸಾಧನಗಳ ಗುರುತುಗಳು ಬೇರೆ, ಮಾಹಿತಿ ಮಾತ್ರ ಇಂಥದ್ದೇ.

ಇಲ್ಲಿ ಮೊದಲು ನೋಡಬೇಕಾದದ್ದು ವೇಳೆ. ಜಿಪಿಎಸ್ ಸಾಧನಗಳು ಒಳಗೊಳಗೆ ಗ್ರೀನಿಚ್ ಸಮಯವನ್ನೇ ಬಳಸುತ್ತವೆ. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಾಧನದಲ್ಲಾಗಲಿ ಆ್ಯಪ್‌ನಲ್ಲಾಗಲಿ ಈ ಹೊಂದಾಣಿಕೆ ತಪ್ಪಿದರೆ ಬೆಳಿಗ್ಗೆ 8 ಗಂಟೆಗೆ ಕಚೇರಿಗೆ ಹೊರಟ ಪಯಣ ನಸುಕಿನ 2.30ಕ್ಕೆ ದಾಖಲಾಗುತ್ತದೆ. ವರದಿ ತೆರೆದವರಿಗೆ, ಮನೆಯವರೆಲ್ಲ ಮಲಗಿದ್ದಾಗ ಯಾರೋ ಕಾರು ಒಯ್ದು ತಂದಿಟ್ಟಂತೆ ಕಾಣುತ್ತದೆ. ದಾಖಲೆಯ ವೇಳೆಗೂ ನಿಜವಾದ ವೇಳೆಗೂ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ, ಸೆಟ್ಟಿಂಗ್‌ನಲ್ಲಿ ಸಮಯವಲಯ ಸರಿಪಡಿಸಿದರೆ ಮುಗಿಯಿತು.

ತಾರೀಖು ಹತ್ತೊಂಬತ್ತು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣ ಇನ್ನೊಂದು. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. 2019ರ ಏಪ್ರಿಲ್ 6ರಂದು ಹೀಗೊಂದು ಸುತ್ತು ಮುಗಿಯಿತು, ಮುಂದಿನದು 2038ರ ನವೆಂಬರಿನಲ್ಲಿ. ಹಳೆಯ ಸಾಫ್ಟ್‌ವೇರ್ ಇರುವ ಸಾಧನಗಳು ಈ ತಿರುವನ್ನು ಅರಿಯದೆ ಹಳೆಯ ತಾರೀಖು ತೋರಿಸುತ್ತವೆ. ಸಾಫ್ಟ್‌ವೇರ್ ಅಪ್‌ಡೇಟ್ ಸಿಗದಿದ್ದರೆ ಅಂಥ ಸಾಧನವನ್ನು ಬದಲಿಸುವುದೇ ಸರಿ.

ಜಾಗ ತಪ್ಪಿದಾಗ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಂಕೇತ ತಲುಪಲು ಎಷ್ಟು ಸಮಯ ಹಿಡಿಯಿತು ಎಂಬುದರಿಂದ ರಿಸೀವರ್ ದೂರವನ್ನು ಲೆಕ್ಕಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಎಣಿಕೆ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪು. ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವಲ್ಲಿ ಸಾಮಾನ್ಯ ಮೊಬೈಲಿನ ಜಿಪಿಎಸ್ ಕೂಡ ಐದು ಮೀಟರ್ ಆಸುಪಾಸಿನಲ್ಲಿ ಸರಿಯಾಗಿ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಹಾಗಾಗುವುದಿಲ್ಲ. ಸಂಕೇತ ಎದುರಿನ ಗಾಜಿನ ಗೋಡೆಗೆ ಬಡಿದು, 60 ಮೀಟರ್ ಹೆಚ್ಚಿಗೆ ಸುತ್ತಿ ಬಂದರೆ, ಆ ಉಪಗ್ರಹ 60 ಮೀಟರ್ ಹೆಚ್ಚು ದೂರದಲ್ಲಿದೆಯೆಂದು ರಿಸೀವರ್ ನಂಬುತ್ತದೆ. ಉಪಗ್ರಹಗಳು ಸರಿದಂತೆಲ್ಲ ಈ ತಪ್ಪೂ ಬದಲಾಗುತ್ತ, ನಿಂತ ಕಾರಿನ ಗುರುತು ನಕ್ಷೆಯಲ್ಲಿ ಅತ್ತಿತ್ತ ಓಡಾಡುತ್ತದೆ.

ಈ ದೋಷವನ್ನು ನಕ್ಷೆಯಲ್ಲೇ ಗುರುತಿಸಬಹುದು. ರಾತ್ರಿಯ ಚಲನೆಯ ದಾಖಲೆ ತೆರೆದರೆ ಒಂದೇ ನಡುವಿನಿಂದ ಹತ್ತಾರು ದಿಕ್ಕಿಗೆ ಗೀಟು ಎಳೆದು ವಾಪಸ್ ಬಂದಂತೆ, ಜೇಡರ ಬಲೆಯಂಥ ಚಿತ್ರ ಕಾಣುತ್ತದೆ. ಗೀಟುಗಳು ಮನೆಗಳ ಮೇಲೆ, ಕೆರೆಯ ಮೇಲೆ ಹಾದುಹೋಗುತ್ತವೆ. ನಿಜವಾಗಿ ಓಡಿದ ಕಾರಿನ ಗೀಟು ರಸ್ತೆಯನ್ನು ಹಿಡಿದೇ ಸಾಗುತ್ತದೆ, ಅದರ ವೇಗ ಏರುತ್ತದೆ ಇಳಿಯುತ್ತದೆ. ಜೇಡರ ಬಲೆ ಕಂಡರೆ ಅದು ಸಂಕೇತದ ಅಲೆದಾಟ.

ಬೇಸ್‌ಮೆಂಟಿನಲ್ಲಿ ತೊಂದರೆ ಇನ್ನೂ ಹೆಚ್ಚು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಉಪಗ್ರಹದ ಸಂಕೇತ ತಲುಪುವುದೇ ಇಲ್ಲ. ಆಗ ಹಲವು ಸಾಧನಗಳು ಹತ್ತಿರದ ಮೊಬೈಲ್ ಟವರಿನ ಆಧಾರದಲ್ಲಿ ಜಾಗವನ್ನು ಅಂದಾಜಿಸಿ ಕಳಿಸುತ್ತವೆ. ಟವರ್ ಅರ್ಧ ಕಿಲೋಮೀಟರ್ ಆಚೆಗಿದ್ದರೆ ಕಾರೂ ಅಲ್ಲೇ ಇದೆಯೆಂದು ನಕ್ಷೆ ತೋರಿಸುತ್ತದೆ. ಆ್ಯಪ್‌ನಲ್ಲಿ ಮನೆಯ ಸುತ್ತ 50 ಮೀಟರಿನ ಗಡಿ ಹಾಕಿದ್ದರೆ ‘ಗಡಿ ದಾಟಿದೆ’ ಎಂಬ ಅಲರ್ಟ್ ಖಂಡಿತ. ಇನ್ನು ಕೆಲವು ಸಾಧನಗಳು ಜಾಗ ತಿಳಿಯದಿದ್ದಾಗ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಎಂದು ಕಳಿಸಿಬಿಡುತ್ತವೆ. ಆ ಬಿಂದು ಇರುವುದು ಆಫ್ರಿಕಾದ ಘಾನಾ ದೇಶದ ದಕ್ಷಿಣಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ. ಕಾರು ಸಮುದ್ರದಲ್ಲಿ ಕಂಡರೆ ಮಾಲೀಕರು ಗಾಬರಿಯಾಗಬೇಕಿಲ್ಲ, ಸಾಧನಕ್ಕೆ ಆಗ ಜಾಗ ಗೊತ್ತಿರಲಿಲ್ಲ ಎಂದಷ್ಟೇ ಅದರ ಅರ್ಥ.

ಪರಿಹಾರಗಳು ಸರಳ. ಗಡಿಯನ್ನು 50 ಮೀಟರಿನಿಂದ 200 ಅಥವಾ 300 ಮೀಟರಿಗೆ ಹಿಗ್ಗಿಸಬೇಕು. ಒಂದೇ ಬಿಂದು ಹೊರಗೆ ಬಿದ್ದಾಗ ಅಲರ್ಟ್ ಕೊಡದೆ, ಸತತ ಮೂರು ಬಿಂದುಗಳು ಹೊರಗಿದ್ದರೆ ಕೊಡುವಂತೆ ಹೊಂದಿಸಬೇಕು. ಇಗ್ನಿಷನ್ ಆಫ್ ಇದ್ದಾಗ ಸ್ಥಾನವನ್ನು ಹಿಡಿದಿಡುವ ಆಯ್ಕೆ ಇದ್ದರೆ ಆನ್ ಮಾಡಬೇಕು. ಟವರ್ ಆಧಾರಿತ ಜಾಗವನ್ನು ಗಡಿಯ ಲೆಕ್ಕದಿಂದ ಹೊರಗಿಡಬೇಕು. ಸಾಧನದ ಆ್ಯಂಟೆನಾ ಇರುವ ಮುಖ ಆಕಾಶದ ಕಡೆಗಿರಬೇಕು. ಪ್ಲಾಸ್ಟಿಕ್ಕಿನ ಕೆಳಗಿದ್ದರೆ ಅಡ್ಡಿಯಿಲ್ಲ, ತಗಡಿನ ಕೆಳಗೆ ಇರಕೂಡದು. ಲೋಹದ ಲೇಪವಿರುವ ಗಾಜು ಮತ್ತು ಫಿಲ್ಮ್ ಕೂಡ ಸಂಕೇತವನ್ನು ತಡೆಯುತ್ತವೆ. ಡ್ಯಾಶ್‌ಕ್ಯಾಮ್, ಅಗ್ಗದ ಯುಎಸ್‌ಬಿ ಚಾರ್ಜರ್‌ಗಳು ಹೊರಡಿಸುವ ವಿದ್ಯುತ್ ಗದ್ದಲವೂ ಹತ್ತಿರದ ರಿಸೀವರನ್ನು ಕೆಡಿಸಬಲ್ಲದು. ಅವುಗಳನ್ನು ಒಂದೆರಡು ದಿನ ಕಳಚಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಅದುರಿದ್ದೆಲ್ಲ ಕಳವಲ್ಲ

ಆ್ಯಕ್ಸೆಲೆರೋಮೀಟರ್ ಚಿಪ್ ನಿಂತ ಕಾರಿನಲ್ಲೂ ಭೂಮಿಯ ಸೆಳೆತವನ್ನು ಮೂರು ದಿಕ್ಕುಗಳಲ್ಲಿ ಅಳೆಯುತ್ತಲೇ ಇರುತ್ತದೆ. ಆ ಅಳತೆಯಲ್ಲಿ ತುಸು ಏರುಪೇರಾದರೂ ಅಲುಗಾಟ ಎಂದು ದಾಖಲಿಸುತ್ತದೆ. ಓಣಿಯಲ್ಲಿ ನೀರಿನ ಟ್ಯಾಂಕರ್ ಹಾದುಹೋದಾಗ, ದೀಪಾವಳಿಯ ಪಟಾಕಿ ಸಿಡಿದಾಗ, ಗುಡುಗಿದಾಗ, ಬೆಕ್ಕು ಬಾನೆಟ್ ಮೇಲೆ ಹಾರಿದಾಗ, ತೆಂಗಿನ ಗರಿ ಕಾರಿನ ಮೇಲೆ ಬಿದ್ದಾಗ ಆಗುವ ಅದುರಿಗೂ ಕಳ್ಳ ಬಾಗಿಲು ಮೀಟುವ ಅದುರಿಗೂ ಅದು ಭೇದ ಕಾಣದು. ಎಂಜಿನ್ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನ್ ಒಂದೆರಡು ನಿಮಿಷ ತಿರುಗುವ ಕಾರುಗಳಲ್ಲಿ, ಲಾಕ್ ಮಾಡಿದ ಕೂಡಲೇ ಅಲರ್ಟ್ ಬರುವುದುಂಟು.

ಒಂದು ಕಾರಣ ಮಾತ್ರ ಕಾರಿನೊಳಗೇ ಇರುತ್ತದೆ. ಟ್ರ್ಯಾಕರನ್ನು ಕೇಬಲ್ ಟೈನಿಂದ ಬಿಗಿದಿರುತ್ತಾರೆ, ಇಲ್ಲವೇ ಎರಡೂ ಕಡೆ ಅಂಟುವ ಟೇಪಿನಿಂದ ಅಂಟಿಸಿರುತ್ತಾರೆ. ಬೇಸಿಗೆಯ ಬಿಸಿಲಿಗೆ ಆ ಅಂಟು ಮೆತ್ತಗಾಗಿ ಪೆಟ್ಟಿಗೆ ಜೋತುಬೀಳುತ್ತದೆ. ಆಮೇಲೆ ಬಾಗಿಲು ಹಾಕಿದ ಸಣ್ಣ ಅದುರೂ ಅದಕ್ಕೆ ದೊಡ್ಡ ಅಲುಗಾಟ. ಡ್ಯಾಶ್‌ಬೋರ್ಡ್ ಕೆಳಗೆ ಕೈಹಾಕಿ ಪೆಟ್ಟಿಗೆಯನ್ನು ಅಲುಗಿಸಿ ನೋಡಿದರೆ ಇದು ತಿಳಿದುಬಿಡುತ್ತದೆ. ಗಟ್ಟಿ ಪಟ್ಟಿಗೆ ಮತ್ತೆ ಬಿಗಿದರೆ ಹಲವು ಅಲರ್ಟುಗಳು ಅಲ್ಲಿಗೇ ನಿಲ್ಲುತ್ತವೆ.

ಸೂಕ್ಷ್ಮತೆಯ ಸೆಟ್ಟಿಂಗ್ ಬದಲಿಸುವಾಗ ತಾಳ್ಮೆ ಬೇಕು. ಸೂಕ್ಷ್ಮತೆಯನ್ನು ಒಮ್ಮೆಲೇ ಕೆಳಗಿನ ತುದಿಗೆ ಇಳಿಸಿದರೆ ಟ್ಯಾಂಕರಿನ ಅದುರು ತಪ್ಪುತ್ತದೆ ನಿಜ, ಆದರೆ ಕಾರನ್ನು ನಾಜೂಕಾಗಿ ಎತ್ತಿ ಒಯ್ದರೂ ಸಾಧನ ಸುಮ್ಮನಿರುತ್ತದೆ. ಒಂದೊಂದೇ ಹಂತ ಇಳಿಸಿ, ಪ್ರತಿ ಹಂತದಲ್ಲೂ ಎರಡು ಮೂರು ದಿನ ನೋಡಬೇಕು. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಅಲುಗಾಟ ಎಷ್ಟು ಜೋರು ಎಂಬುದರ ಜತೆಗೆ ಎಷ್ಟು ಹೊತ್ತು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳುವಂತೆ ಹೊಂದಿಸುವುದು. ಗರಿ ಬಿದ್ದ ಪೆಟ್ಟು ಕ್ಷಣದಲ್ಲಿ ಮುಗಿಯುತ್ತದೆ, ಕಾರನ್ನು ಎಳೆದೊಯ್ಯುವ ಅಲುಗಾಟ ನಿಮಿಷಗಟ್ಟಲೆ ಇರುತ್ತದೆ.

ಎಂಜಿನ್ ಆಫ್ ಇದ್ದು ಕಾರು ನಿಜವಾಗಿಯೂ ಚಲಿಸುವ ಸಂದರ್ಭಗಳೂ ಇವೆ. ಹಿನ್ನೀರನ್ನು ಲಾಂಚ್ ಮೇಲೆ ದಾಟುವ ಕಾರು, ಯಂತ್ರದಿಂದ ಮೇಲೆ ಕೆಳಗೆ ಹೋಗುವ ಬಹುಮಹಡಿ ಪಾರ್ಕಿಂಗ್‌ನಲ್ಲಿ ನಿಂತ ಕಾರು, ಕೆಟ್ಟುನಿಂತು ಲಾರಿಯ ಮೇಲೆ ಗ್ಯಾರೇಜಿಗೆ ಸಾಗುವ ಕಾರು, ಇವೆಲ್ಲ ಸಾಧನದ ದೃಷ್ಟಿಯಲ್ಲಿ ಟೋಯಿಂಗೇ. ಇಲ್ಲಿ ಸರಿಪಡಿಸಬೇಕಾದ ದೋಷವೇನೂ ಇಲ್ಲ. ಹೊರಡುವ ಮೊದಲು ಆ್ಯಪ್‌ನಲ್ಲಿ ಸರ್ವಿಸ್ ಮೋಡ್ ಅಥವಾ ಟ್ರಾನ್ಸ್‌ಪೋರ್ಟ್ ಮೋಡ್ ಹಾಕಿ, ಮುಗಿದ ಮೇಲೆ ಮರೆಯದೆ ತೆಗೆಯಬೇಕು.

ಕರೆಂಟಿನ ಕಥೆ

‘ಬ್ಯಾಟರಿ ಸಂಪರ್ಕ ಕಡಿದಿದೆ’ ಎಂಬ ಅಲರ್ಟ್ ಎಲ್ಲಕ್ಕಿಂತ ಭಯ ಹುಟ್ಟಿಸುವಂಥದ್ದು. ಕಳ್ಳರು ಮೊದಲು ಮಾಡುವ ಕೆಲಸವೂ ಅದೇ ಆದ್ದರಿಂದ ಇದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಮುದಿಯಾದ ಬ್ಯಾಟರಿ, ಸಡಿಲವಾದ ಫ್ಯೂಸ್, ತುಕ್ಕು ಹಿಡಿದ ಅರ್ತ್, ಇಲಿ ಕಡಿದ ವೈರು ಕೂಡ ಇದೇ ಸಂದೇಶ ತರಿಸುತ್ತವೆ.

ಅಲರ್ಟ್ ಬಂದ ಹೊತ್ತನ್ನು ಗಮನಿಸಿದರೆ ಕಾರಣ ಅರ್ಧ ಬಯಲಾಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದ ಕ್ಷಣದಲ್ಲೇ ಬಂದು ಕೂಡಲೇ ಸರಿಹೋದರೆ ಬ್ಯಾಟರಿ ಸೋತಿದೆ ಎಂದರ್ಥ. ಸ್ಟಾರ್ಟರ್ ಮೋಟಾರ್ ಎಳೆಯುವ ಭಾರಕ್ಕೆ ವೋಲ್ಟೇಜ್ ಕ್ಷಣಕಾಲ ಕುಸಿದು, ಸಾಧನಕ್ಕೆ ಕರೆಂಟೇ ಹೋದಂತೆ ತೋರುತ್ತದೆ. ಹಳ್ಳ, ಹಂಪು ದಾಟುವಾಗ ಬಂದರೆ ಎಲ್ಲೋ ಕನೆಕ್ಷನ್ ಸಡಿಲ. ಮಳೆಯ ದಿನಗಳಲ್ಲೇ ಬಂದರೆ ಜೋಡಣೆಯೊಳಗೆ ನೀರು ಇಳಿದಿದೆ. ಕಾರು ನಾಲ್ಕೈದು ದಿನ ನಿಂತ ಮೇಲೆ ಅಪರಾತ್ರಿಯಲ್ಲಿ ಬಂದರೆ ಬ್ಯಾಟರಿ ಸದ್ದಿಲ್ಲದೆ ಇಳಿಯುತ್ತಿದೆ.

ಒಂದು ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಮುಂದಿನದು ಸುಲಭ. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಚಾರ್ಜ್ ಪೂರ್ತಿ ಇದೆ. 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಕೊಡಬೇಕು. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಬ್ಯಾಟರಿ ಸರಿಯಿದ್ದರೆ ಅದೇ ಮೀಟರನ್ನು ಟ್ರ್ಯಾಕರಿನ ಪ್ಲಗ್‌ಗೆ ಹಿಡಿಯಬೇಕು. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ 12.1 ತೋರಿಸಿದರೆ ಅರ್ಧ ವೋಲ್ಟ್ ದಾರಿಯಲ್ಲಿ ಸೋರಿಹೋಗುತ್ತಿದೆ. ಅರ್ತ್ ವೈರನ್ನು ಬಣ್ಣ ಬಳಿದ ಬೋಲ್ಟಿಗೆ ಸುತ್ತಿರುವುದು ಇದಕ್ಕೆ ಬಹು ಸಾಮಾನ್ಯ ಕಾರಣ. ಬಣ್ಣ ಕರೆಂಟನ್ನು ತಡೆಯುತ್ತದೆ. ಬೋಲ್ಟಿನ ಕೆಳಗಿನ ಬಣ್ಣವನ್ನು ಕೆರೆದು, ಉಂಗುರದ ತುದಿ ಇರುವ ವೈರು ಹಾಕಿ ಬಿಗಿದರೆ ಸರಿಹೋಗುತ್ತದೆ. ವೈರಿನ ತೊಗಟೆ ಸೀಳಿ ಇನ್ನೊಂದನ್ನು ತಿರುಚಿ ಟೇಪ್ ಸುತ್ತಿದ ಜೋಡಣೆ ಎಲ್ಲಿ ಕಂಡರೂ ಬೆಸುಗೆ ಹಾಕಿಸುವುದು ಒಳ್ಳೆಯದು.

ಬ್ಯಾಟರಿ ಇಳಿಯಲು ಟ್ರ್ಯಾಕರೇ ಕಾರಣವಾಗುವುದೂ ಉಂಟು. ನಿಂತ ಕಾರಿನ ಎಲ್ಲ ಸಾಧನಗಳೂ ಸೇರಿ 50 ಮಿಲಿಆಂಪಿಯರ್ ಒಳಗೆ ಎಳೆದರೆ ಸರಿ ಎನ್ನುವುದು ಸಾಮಾನ್ಯ ಲೆಕ್ಕ. ಅಷ್ಟೇ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್ ಖರ್ಚಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಹದಿನೈದು ದಿನದಲ್ಲಿ ಅರ್ಧಕ್ಕೆ ಇಳಿದು, ತಿಂಗಳಲ್ಲಿ ಪೂರ್ತಿ ಕುಳಿತುಬಿಡುತ್ತದೆ. ಅದುರಿನ ಮಿತಿ ತೀರ ಸೂಕ್ಷ್ಮವಾಗಿದ್ದರೆ ಟ್ರ್ಯಾಕರ್ ಪದೇಪದೇ ಎಚ್ಚೆತ್ತು ಇನ್ನೂ ಹೆಚ್ಚು ಎಳೆಯುತ್ತದೆ. ಹೀಗೆ ಒಂದು ಸುಳ್ಳು ಅಲರ್ಟ್ ಇನ್ನೊಂದನ್ನು ಹುಟ್ಟಿಸುತ್ತದೆ. ಊರಿಗೆ ಹೋಗಿ ವಾರಗಟ್ಟಲೆ ಕಾರು ನಿಲ್ಲಿಸುವವರು ವರದಿಯ ಅವಧಿಯನ್ನು ಹಿಗ್ಗಿಸಿ ಸ್ಲೀಪ್ ಮೋಡ್ ಆನ್ ಮಾಡಿಡುವುದು ಲೇಸು.

ಟ್ರ್ಯಾಕರಿನೊಳಗಿನ ಲಿಥಿಯಂ ಬ್ಯಾಟರಿಗೂ ಆಯುಸ್ಸಿದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಸೆಖೆ ಅದನ್ನು ಬೇಗ ಕೆಡಿಸುತ್ತದೆ. ಹೊರಗಿನ ಕರೆಂಟು ಸರಿಯಿದ್ದೂ ‘ಬ್ಯಾಟರಿ ಕಡಿಮೆ’ ಎಂದು ಬರುತ್ತಿದ್ದರೆ ಈ ಬ್ಯಾಟರಿಯನ್ನೇ ಶಂಕಿಸಬೇಕು. ಪೆಟ್ಟಿಗೆ ಉಬ್ಬಿದ್ದರೆ ಅದನ್ನು ಒತ್ತುವುದು, ಚುಚ್ಚುವುದು ಬೇಡ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಕಳಚಿ, ಬದಲಿಸಲು ಕೊಡಬೇಕು.

ಎಂಜಿನ್ ಆನ್ ಆಗಿದೆಯೇ ಎಂಬ ಗೊಂದಲ

ಇಗ್ನಿಷನ್ ವೈರು ಜೋಡಿಸಿದ ಸಾಧನಕ್ಕೆ ಕೀ ತಿರುಗಿಸಿದ್ದು ನೇರವಾಗಿ ತಿಳಿಯುತ್ತದೆ. ಆ ವೈರನ್ನು ತಪ್ಪು ಕಡೆ, ಉದಾಹರಣೆಗೆ ಬಾಗಿಲು ತೆರೆಯುವ ತನಕ ಜೀವಂತವಾಗಿರುವ ಮ್ಯೂಸಿಕ್ ಸಿಸ್ಟಂ ಲೈನಿಗೆ ಸೇರಿಸಿದ್ದರೆ ಎಂಜಿನ್ ಆಫ್ ಮಾಡಿದರೂ ‘ಆನ್’ ಎಂದೇ ತೋರಿಸುತ್ತದೆ.

ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಟ್ರ್ಯಾಕರ್‌ಗಳಲ್ಲಿ ಹಲವಕ್ಕೆ ಇಗ್ನಿಷನ್ ವೈರೇ ಇರುವುದಿಲ್ಲ. ವೋಲ್ಟೇಜ್ 13ರ ಮೇಲೆ ಏರಿದರೆ ಎಂಜಿನ್ ಓಡುತ್ತಿದೆ, ಇಳಿದರೆ ನಿಂತಿದೆ ಎಂದು ಅವು ಊಹಿಸುತ್ತವೆ. ನಿಂತ ಕಾರಿನ ಬ್ಯಾಟರಿಗೆ ಚಾರ್ಜರ್ ಹಾಕಿದರೆ ‘ಎಂಜಿನ್ ಸ್ಟಾರ್ಟ್ ಆಗಿದೆ’ ಎಂಬ ಅಲರ್ಟ್ ಬರುವುದು ಇದರಿಂದಲೇ. ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಇಂಧನ ಉಳಿಸಲೆಂದು ಹೊಸ ಕಾರುಗಳ ಆಲ್ಟರ್ನೇಟರ್ ಆಗಾಗ ವೋಲ್ಟೇಜನ್ನು ತಗ್ಗಿಸುತ್ತದೆ. ಹೆದ್ದಾರಿಯಲ್ಲಿ ಓಡುತ್ತಿರುವ ಕಾರಿನ ಎಂಜಿನ್ ನಿಂತಿದೆಯೆಂದು ಆಗ ಟ್ರ್ಯಾಕರ್ ತಿಳಿಯುತ್ತದೆ. ಎಂಜಿನ್ ಆಫ್, ಕಾರು ಮಾತ್ರ ಚಲಿಸುತ್ತಿದೆ, ಅಂದಮೇಲೆ ಯಾರೋ ಎಳೆದೊಯ್ಯುತ್ತಿದ್ದಾರೆ ಎಂಬುದು ಅದರ ತರ್ಕ. ಕಾರು ಓಡಿಸುತ್ತಿರುವವರ ಫೋನಿಗೇ ಟೋಯಿಂಗ್ ಅಲರ್ಟ್ ಬರುತ್ತದೆ. ನಿಜವಾದ ಇಗ್ನಿಷನ್ ವೈರು ಇರುವ ಸಾಧನ ಹಾಕಿಸುವುದು ಇದಕ್ಕೆ ಖಾಯಂ ಪರಿಹಾರ.

ತಡವಾಗಿ ಬಂದ ಮಾತು

ಹಾಸನದಿಂದ ಮಂಗಳೂರಿಗೆ ಹೋಗುವ ಕಾರು ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ತಪ್ಪಿದಾಗ, ಟ್ರ್ಯಾಕರ್ ತನ್ನ ವರದಿಗಳನ್ನು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಸಂಪರ್ಕ ಸಿಕ್ಕಮೇಲೆ ಒಂದೊಂದಾಗಿ ಕಳಿಸುತ್ತದೆ. ನೆಟ್‌ವರ್ಕ್ ದುರ್ಬಲವಾಗಿದ್ದರೆ ಈ ಬಾಕಿ ತೀರಲು ಗಂಟೆಗಳೇ ಹಿಡಿಯಬಹುದು. ಕಾರು ಮನೆಯ ಮುಂದೆ ನಿಂತು ಎಷ್ಟೋ ಹೊತ್ತಾದ ಮೇಲೆ ‘ವಾಹನ ಚಲಿಸುತ್ತಿದೆ’ ಎಂಬ ಸಂದೇಶ ಬಂದರೆ, ಅದರೊಳಗಿನ ಎರಡು ವೇಳೆಗಳನ್ನು ಹೋಲಿಸಬೇಕು: ಸಾಧನ ಬರೆದ ವೇಳೆ ಮತ್ತು ಸರ್ವರಿಗೆ ತಲುಪಿದ ವೇಳೆ. ಇವೆರಡರ ನಡುವೆ ಗಂಟೆಗಳ ಅಂತರವಿದ್ದರೆ ಅದು ಹಳೆಯ ಸುದ್ದಿ.

‘ಸಾಧನ ಆಫ್‌ಲೈನ್’ ಎಂಬ ಅಲರ್ಟಿಗೆ ಬೇಸ್‌ಮೆಂಟ್, ಅವಧಿ ಮುಗಿದ ಸಿಮ್, ಹಳೆಯ 2ಜಿ ಮೋಡೆಮ್ ಸಾಮಾನ್ಯ ಕಾರಣಗಳು. 2ಜಿ ಮಾತ್ರ ಬಲ್ಲ ಸಾಧನಕ್ಕೆ 4ಜಿ ಸಂಕೇತ ಮಾತ್ರ ಇರುವ ಜಾಗದಲ್ಲಿ ದನಿಯಿರದು. ಯಂತ್ರಗಳಿಗೆಂದೇ ಕೊಡುವ ಸಿಮ್‌ಗಳಿಗೆ 13 ಅಂಕಿಯ ಸಂಖ್ಯೆ ಇರುತ್ತದೆ. ಅವುಗಳ ವಾರ್ಷಿಕ ಶುಲ್ಕ ಸಾಧನ ಮಾರಿದವರ ಮೂಲಕವೇ ಕಟ್ಟಬೇಕಾಗುವುದರಿಂದ, ಅವಧಿ ಮುಗಿಯುವ ತಾರೀಖನ್ನು ಮಾಲೀಕರೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಆಫ್‌ಲೈನ್ ಅಲರ್ಟಿನಲ್ಲಿ ಎಚ್ಚರ ತಪ್ಪಬಾರದ ಒಂದು ಅಂಶವಿದೆ. ಸಂಕೇತ ತಡೆಯುವ ಜ್ಯಾಮರ್ ಬಳಸಿದಾಗಲೂ ಇದೇ ಅಲರ್ಟ್ ಬರುತ್ತದೆ. ಕಾರು ದಿನವೂ ನಿಲ್ಲುವ ಬೇಸ್‌ಮೆಂಟಿನಲ್ಲಿ ಹೀಗಾದರೆ ಅದು ಮಾಮೂಲು. ಯಾವಾಗಲೂ ಸಂಕೇತ ಚೆನ್ನಾಗಿರುವ ಬಯಲು ಜಾಗದಲ್ಲಿ ಜಿಪಿಎಸ್ ಮತ್ತು ಮೊಬೈಲ್ ಎರಡೂ ಒಟ್ಟಿಗೆ ಮಾಯವಾದರೆ ತಡಮಾಡದೆ ಹೋಗಿ ನೋಡಬೇಕು.

ಟ್ಯಾಗ್ ಮತ್ತು ಪಾಸ್‌ವರ್ಡ್

ಕೆಲವು ವ್ಯವಸ್ಥೆಗಳಲ್ಲಿ ಚಾಲಕರ ಬಳಿ ಒಂದು ಪುಟ್ಟ ಟ್ಯಾಗ್ ಇರಬೇಕು. ಅದಿಲ್ಲದೆ ಕಾರು ಕದಲಿದರೆ ಕಳವೆಂದೇ ಲೆಕ್ಕ. ಬ್ರಿಟನ್‌ನಲ್ಲಿ 2019ರಿಂದ ಇರುವ ಥ್ಯಾಚಮ್ ಎಸ್5 ದರ್ಜೆಯ ಟ್ರ್ಯಾಕರ್‌ಗಳು ಇಂಥವು, ದುಬಾರಿ ಕಾರುಗಳಿಗೆ ವಿಮಾ ಕಂಪನಿಗಳು ಇವನ್ನು ಕೇಳುವುದುಂಟು. ಇಲ್ಲಿ ಬರುವ ಸುಳ್ಳು ಅಲರ್ಟಿಗೆ ಕಾರಣ ಸಾಮಾನ್ಯವಾಗಿ ಟ್ಯಾಗಿನ ಬಟನ್ ಸೆಲ್ ಮುಗಿದಿರುವುದು, ಇಲ್ಲವೇ ಟ್ಯಾಗನ್ನು ಮನೆಯಲ್ಲೇ ಮರೆತಿರುವುದು. ಸೆಲ್ಲನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯಾಗನ್ನು ಕಾರಿನಲ್ಲೇ ಬಿಟ್ಟರೆ ಅದರ ಉದ್ದೇಶವೇ ಕೆಟ್ಟಿತು.

ಯಾವ ಕಾರಣವೂ ಸಿಗದೆ ಸೆಟ್ಟಿಂಗ್‌ಗಳು ತಾವಾಗಿ ಬದಲಾಗುತ್ತಿದ್ದರೆ ಪಾಸ್‌ವರ್ಡ್ ನೋಡಬೇಕು. ಅನೇಕ ಅಗ್ಗದ ಟ್ರ್ಯಾಕರ್‌ಗಳು ‘123456’ ಎಂಬ ಪಾಸ್‌ವರ್ಡಿನೊಂದಿಗೆ ಬರುತ್ತವೆ, ಹಾಕಿಸಿಕೊಂಡವರು ಅದನ್ನು ಬದಲಿಸುವುದೇ ಇಲ್ಲ. 2022ರ ಜುಲೈನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್ಎ, ಮೈಕೋಡಸ್ ಎಂವಿ720 ಎಂಬ ಮಾದರಿಯ ಟ್ರ್ಯಾಕರಿನಲ್ಲಿ ಹೊರಗಿನವರು ನುಸುಳಿ ಆಜ್ಞೆ ಕೊಡಬಹುದಾದ ದೋಷಗಳಿವೆ ಎಂದು ಎಚ್ಚರಿಸಿತ್ತು. ಪಾಸ್‌ವರ್ಡ್ ಬದಲಿಸಿ, ಸಾಧನ ಯಾವ ಫೋನ್ ಸಂಖ್ಯೆಗಳ ಮಾತು ಕೇಳಬೇಕು ಎಂಬ ಪಟ್ಟಿಯನ್ನು ಪರಿಶೀಲಿಸುವುದು ಹೊಸ ಟ್ರ್ಯಾಕರ್ ಹಾಕಿಸಿದ ದಿನವೇ ಆಗಬೇಕಾದ ಕೆಲಸ.

ಎಂಜಿನ್ ನಿಲ್ಲಿಸುವ ಗುಂಡಿ

ಹಲವು ಟ್ರ್ಯಾಕರ್‌ಗಳಿಗೆ ಒಂದು ರಿಲೇ ಜೋಡಿಸಿ, ಫೋನಿನಿಂದಲೇ ಇಂಧನ ಪಂಪನ್ನು ನಿಲ್ಲಿಸುವ ಸೌಲಭ್ಯ ಕೊಟ್ಟಿರುತ್ತಾರೆ. ಸುಳ್ಳು ಅಲರ್ಟ್ ಜೀವಕ್ಕೇ ಅಪಾಯ ತರುವುದು ಇಲ್ಲಿ. ಟೋಯಿಂಗ್ ಅಲರ್ಟ್ ನೋಡಿದ ತಂದೆ, ಕಾರು ಮಗಳ ಕೈಯಲ್ಲಿ ಹೆದ್ದಾರಿಯಲ್ಲಿದೆ ಎಂದು ತಿಳಿಯದೆ ಗುಂಡಿ ಒತ್ತಿದರೆ, ಓಡುತ್ತಿರುವ ಕಾರಿನ ಎಂಜಿನ್ ನಿಂತು ಸ್ಟೀರಿಂಗ್ ಮತ್ತು ಬ್ರೇಕು ಬಿಗಿಯಾಗುತ್ತವೆ. ವೇಗ ತೀರ ಇಳಿದ ಮೇಲೆ ಮಾತ್ರ ಕೆಲಸ ಮಾಡುವ ರಿಲೇಯನ್ನೇ ಹಾಕಿಸಬೇಕು. ಕಾರು ಯಾರ ಬಳಿಯಿದೆ ಎಂದು ಮನೆಯವರಿಗೆಲ್ಲ ಫೋನ್ ಮಾಡಿ ಖಾತ್ರಿಯಾಗುವ ತನಕ ಆ ಗುಂಡಿ ಮುಟ್ಟಬಾರದು.

ಖಾತ್ರಿಯಾದ ಮೇಲೆ ಕಳವು ನಿಜವೆಂದು ತೋರಿದರೆ 112ಕ್ಕೆ ಕರೆ ಮಾಡಿ, ಟ್ರ್ಯಾಕರಿನ ಲೈವ್ ಸ್ಥಾನವನ್ನು ಪೊಲೀಸರಿಗೆ ಕೊಡಬೇಕು. ನಕ್ಷೆ ಹಿಡಿದು ತಾವೇ ಬೆನ್ನಟ್ಟುವುದು ಅಪಾಯ. ನೋಂದಣಿ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಫೋನಿನಲ್ಲಿ ಮೊದಲೇ ಇಟ್ಟುಕೊಂಡಿದ್ದರೆ ದೂರು ಬೇಗ ದಾಖಲಾಗುತ್ತದೆ. ವಿಮಾ ಕಂಪನಿಗೂ ತಡಮಾಡದೆ ತಿಳಿಸಬೇಕು.

ಹುಡುಕುವ ಕ್ರಮ

ಕಾರಣ ತಿಳಿಯದ ಅಲರ್ಟುಗಳಿಗೆ ಎರಡು ವಾರದ ಒಂದು ಪುಟ್ಟ ಲೆಕ್ಕದ ಪುಸ್ತಕ ಸಾಕು. ಪ್ರತಿ ಅಲರ್ಟಿಗೂ ಐದು ಸಂಗತಿ ಬರೆಯಬೇಕು: ಯಾವ ಬಗೆಯದು, ಎಷ್ಟು ಹೊತ್ತಿಗೆ, ಕಾರು ಎಲ್ಲಿತ್ತು, ಮಳೆ ಬಿಸಿಲು ಹೇಗಿತ್ತು, ಆಗ ಕಾರಿನಲ್ಲಿ ಏನು ನಡೆದಿತ್ತು. ಏಳೆಂಟು ಸಾಲು ತುಂಬುವಷ್ಟರಲ್ಲಿ ಒಂದು ಕ್ರಮ ಎದ್ದು ಕಾಣುತ್ತದೆ. ಗ್ಯಾರೇಜಿನ ಎಲೆಕ್ಟ್ರಿಷಿಯನ್‌ಗೆ ‘ಸುಮ್ಮಸುಮ್ಮನೆ ಅಲರ್ಟ್ ಬರುತ್ತದೆ’ ಎನ್ನುವುದಕ್ಕಿಂತ ‘ಮಳೆ ಬಂದ ದಿನ, ಹಂಪು ದಾಟುವಾಗ, ಬ್ಯಾಟರಿ ಕಡಿದಿದೆ ಎಂದು ಬರುತ್ತದೆ’ ಎಂದರೆ ಅವರ ಕೈ ನೇರವಾಗಿ ಸಡಿಲ ವೈರಿಗೆ ಹೋಗುತ್ತದೆ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಗಡಿ ಹಿಗ್ಗಿಸಿ, ಸೂಕ್ಷ್ಮತೆ ಇಳಿಸಿ, ಬ್ಯಾಟರಿಯನ್ನೂ ಬದಲಿಸಿದರೆ ಅಲರ್ಟ್ ನಿಲ್ಲಬಹುದು, ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ಮೊದಲು ವೇಳೆಯ ಸೆಟ್ಟಿಂಗ್, ಆಮೇಲೆ ಪೆಟ್ಟಿಗೆಯ ಬಿಗಿ, ಬ್ಯಾಟರಿ, ಅರ್ತ್ ಮತ್ತು ಫ್ಯೂಸ್, ನಂತರ ಗಡಿ, ಕೊನೆಗೆ ಸೂಕ್ಷ್ಮತೆ. ಸೂಕ್ಷ್ಮತೆ ಕೊನೆಗೆ ಬರಬೇಕು, ಏಕೆಂದರೆ ಕಾವಲನ್ನು ಸಡಿಲಿಸುವ ಬದಲಾವಣೆ ಅದು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಸಮತಟ್ಟಾದ ಸುರಕ್ಷಿತ ಜಾಗದಲ್ಲಿ, ಒಬ್ಬರು ಸ್ಟೀರಿಂಗ್ ಹಿಡಿದು ಕೂತಿರುವಾಗ, ಎಂಜಿನ್ ಸ್ಟಾರ್ಟ್ ಮಾಡದೆ ಕಾರನ್ನು ಇಪ್ಪತ್ತು ಮೂವತ್ತು ಮೀಟರ್ ತಳ್ಳಬೇಕು. ಟ್ರ್ಯಾಕರಿನ ಫ್ಯೂಸನ್ನು ಐದು ನಿಮಿಷ ಕಿತ್ತಿಡಬೇಕು. ಕಾರನ್ನು ಹಾಕಿದ ಗಡಿಯ ಆಚೆಗೆ ಓಡಿಸಬೇಕು. ಮೂರಕ್ಕೂ ಮೂರು ಅಲರ್ಟ್ ಬಂದು, ಆಮೇಲಿನ ಎರಡು ವಾರ ರಾತ್ರಿಗಳು ನಿಶ್ಶಬ್ದವಾಗಿ ಕಳೆದರೆ ಸಾಧನ ಸರಿಯಾಗಿದೆ ಎಂದು ನಂಬಬಹುದು.